ಎಣ್ಣೆ ಕರಗಿತು, ಸೀಸ ಉಳಿಯಿತು

ನಾನು ಸಹಿ ಹಾಕಿದ ಸಾವಿರಾರು ವರದಿಗಳಲ್ಲಿ ಒಂದರ ವಿಷಯ ಹೇಳಬೇಕಾಗಿದೆ. ಅದರಲ್ಲಿದ್ದ ಒಂದೊಂದು ಅಂಕಿಯೂ ನಿಜ. ತಕ್ಕಡಿ ಸರಿಯಾಗಿತ್ತು, ಲೆಕ್ಕವನ್ನು ಎರಡು ಸಲ ನೋಡಿದ್ದೆ, ಸ್ಯಾಂಪಲ್ಲು ಅದಲುಬದಲಾಗಿರಲಿಲ್ಲ. ಆದರೂ ಅದು ಸುಳ್ಳು ವರದಿ. ನಿಜವಾದ ಅಂಕಿಗಳನ್ನೇ ಜೋಡಿಸಿ ಸುಳ್ಳು ಹೇಳುವುದು ನಮ್ಮ ವೃತ್ತಿಯಲ್ಲಿ ಎಷ್ಟು ಸುಲಭ ಎನ್ನುವುದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಹೋದ ತಿಂಗಳು, ನಾನು ನಿವೃತ್ತಳಾದ ಲ್ಯಾಬಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ವಿಜಯನಗರದ ನಮ್ಮ ಮನೆಗೆ ಬಂದಿದ್ದರು. ಕಾಫಿ ಕೊಟ್ಟೆ. ಅವರಲ್ಲಿ ಒಬ್ಬಳು ಫೋನು ತೆಗೆದು ರೆಕಾರ್ಡಿಗೆ ಇಟ್ಟು, "ಮೇಡಂ, ನಿಮ್ಮ ಸರ್ವಿಸ್‌ನಲ್ಲಿ ಒಂದು ಸಕ್ಸಸ್ ಸ್ಟೋರಿ ಹೇಳಿ. ಆಫೀಸ್ ಪತ್ರಿಕೇಲಿ ಹಾಕ್ತೀವಿ" ಎಂದಳು. ಒಳ್ಳೆಯ ಹುಡುಗಿ. ಅವಳ ಮೇಲೆ ನನಗೆ ಕೋಪವಿಲ್ಲ. ಆದರೆ ಆ ಮಾತಿಗೆ ಮೈಯೆಲ್ಲ ಉರಿಯಿತು. "ಸಕ್ಸಸ್ ಬೇಡಮ್ಮ, ನಡೆದದ್ದನ್ನು ಬರೆದುಕೊಡ್ತೀನಿ" ಎಂದು ಹೇಳಿ ಕಳಿಸಿದೆ. ಇದನ್ನು ಅವರು ಪತ್ರಿಕೆಯಲ್ಲಿ ಹಾಕುವುದಿಲ್ಲ ಎಂದು ನನಗೆ ಗೊತ್ತು.

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಪರೀಕ್ಷಾಲಯದಲ್ಲಿ ನಾನು ಮಣ್ಣಿನ ವಿಭಾಗದಲ್ಲಿದ್ದೆ. ಎಣ್ಣೆ ಬಿದ್ದು ಕೆಟ್ಟ ಮಣ್ಣು ನನ್ನ ಪಾಲಿನ ಕೆಲಸ. ಗ್ಯಾರೇಜು, ಲಾರಿ ಷೆಡ್ಡು, ಹಳೇ ಎಂಜಿನ್ ಆಯಿಲಿನ ಗೋಡೌನು ಇವುಗಳ ನೆಲದಿಂದ ಮಣ್ಣು ಬರುತ್ತಿತ್ತು. ಮೊದಮೊದಲು ಹಾಲಿನ ಕವರಿನಲ್ಲಿ, ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ತರುತ್ತಿದ್ದರು. ಆ ಮಣ್ಣಿನಲ್ಲಿ ಎಣ್ಣೆ ಎಷ್ಟಿದೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಬದುಕಿವೆಯೇ, ಬದುಕಿದ್ದರೆ ಕೆಲಸ ಮಾಡುತ್ತಿವೆಯೇ ಎಂದು ನೋಡಿ ಹೇಳಬೇಕಿತ್ತು. ಸಂಜೆ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮ್ಮಪ್ಪ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆಗಿದ್ದವರು, ಹಾಗಾಗಿ ಮನೆಯಲ್ಲಿ ಯಾರೂ ಆ ವಾಸನೆಗೆ ಬೇಸರಪಡಲಿಲ್ಲ.

ಎಣ್ಣೆ ನಮಗೆ ಕೊಳೆ, ಸೂಕ್ಷ್ಮಜೀವಿಗಳಿಗೆ ಊಟ. ಗಾಳಿ, ತೇವ, ಸ್ವಲ್ಪ ಗೊಬ್ಬರ ಸಿಕ್ಕರೆ ಅವು ಎಣ್ಣೆಯನ್ನು ತುಂಡು ತುಂಡು ಮಾಡಿ ತಿಂದು, ನಮ್ಮ ಹಾಗೆಯೇ ಇಂಗಾಲದ ಡೈಆಕ್ಸೈಡನ್ನು ಉಸಿರಾಗಿ ಬಿಡುತ್ತವೆ. ಆ ಉಸಿರನ್ನು ಅಳೆಯುವುದು ನಮ್ಮ ಹಳೇ ವಿಧಾನ. ಮುಚ್ಚಿದ ಬಾಟಲಿಯಲ್ಲಿ ಮಣ್ಣು, ಅದರೊಳಗೆ ಕ್ಷಾರದ ಒಂದು ಪುಟ್ಟ ಬಟ್ಟಲು. ಬಿಟ್ಟ ಉಸಿರನ್ನು ಕ್ಷಾರ ಹೀರಿಕೊಳ್ಳುತ್ತದೆ. ಉಸಿರು ಹೆಚ್ಚಿದ್ದರೆ ಎಣ್ಣೆ ಕರಗುತ್ತಿದೆ ಎಂದು ಅರ್ಥ. ಹಾಗೆಂದು ನಾನು ತಿಳಿದಿದ್ದೆ.

ನನ್ನ ಮೊದಲ ದೊಡ್ಡ ತಪ್ಪು ನಡೆದದ್ದು ಇಲ್ಲೇ. ಕೆಂಗೇರಿ ಕಡೆಯ ಒಂದು ಲಾರಿ ಗ್ಯಾರೇಜಿನ ಮಣ್ಣಿಗೆ ಸಗಣಿ, ಬೆಲ್ಲದ ನೀರು ಹಾಕಿ ಬಾಟಲಿಗಳಲ್ಲಿಟ್ಟೆ. ಉಸಿರು ಯದ್ವಾತದ್ವಾ ಬಂತು. ಖುಷಿಯಲ್ಲಿ ಗ್ಯಾರೇಜಿನ ಯಜಮಾನರಿಗೆ, ಹೀಗೇ ಮಾಡಿ, ಮಳೆಗಾಲದೊಳಗೆ ನಿಮ್ಮ ನೆಲ ಸರಿಹೋಗುತ್ತದೆ ಎಂದು ಬರೆದುಕೊಟ್ಟೆ. ನನ್ನ ಮೇಲಿದ್ದವರು ಪುಟ್ಟಸ್ವಾಮಿ ಸಾರ್. ಸಿಡುಕು ಮನುಷ್ಯ. ಯಾರ ಮದುವೆಗೂ ಹೋಗುತ್ತಿರಲಿಲ್ಲ, ಯಾರನ್ನೂ ಹೊಗಳುತ್ತಿರಲಿಲ್ಲ. ಅವರು ನನ್ನ ನೋಟ್‌ಬುಕ್ ತಿರುವಿಹಾಕಿ ಕೇಳಿದರು:

"ಬೆಲ್ಲ ಹಾಕಿದ್ದೀಯಲ್ಲಮ್ಮ. ಅವು ಬೆಲ್ಲ ತಿಂದು ಉಸಿರು ಬಿಟ್ವೋ, ಎಣ್ಣೆ ತಿಂದು ಬಿಟ್ವೋ?"

ಅವರು ಇನ್ನೊಂದು ಹಾಳೆ ತಿರುವಿದರು.

"ಎಣ್ಣೆ ಅಳೆದೆಯಾ?"

"ಇಲ್ಲ ಸಾರ್."

"ಮತ್ತೆ ಏನನ್ನ ನೋಡಿ ಬರೆದುಕೊಟ್ಟೆ? ಹೋಟೆಲ್ ಮುಂದೆ ಜನ ನಿಂತವ್ರೆ ಅಂದ್ರೆ ನೀನು ಮಾಡಿದ ಉಪ್ಪಿಟ್ಟು ಖರ್ಚಾಯ್ತು ಅಂತಲಾ?"

ಎಣ್ಣೆಯನ್ನು ದ್ರಾವಕದಲ್ಲಿ ತೊಳೆದು ತೆಗೆದು ತೂಗಿದೆ. ಒಂದು ಚೂರೂ ಕಡಿಮೆಯಾಗಿರಲಿಲ್ಲ. ಜೀವಿಗಳು ಸಿಹಿ ತಿಂದು ಎಣ್ಣೆಯನ್ನು ಹಾಗೇ ಬಿಟ್ಟಿದ್ದವು. ಹೊಸ ವರದಿಯನ್ನು ಅಂಚೆಯಲ್ಲಿ ಕಳಿಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ. "ಅಂಚೇಲಿ ತಪ್ಪೊಪ್ಕೊಳ್ಳೋದು ಸುಲಭ ಕಣಮ್ಮ. ನೀನೇ ಹೋಗು, ಎದುರಿಗೆ ನಿಂತು ಹೇಳು." ಹೋದೆ. ಗ್ಯಾರೇಜಿನ ಯಜಮಾನರು ಅಷ್ಟು ಹೊತ್ತಿಗೆ ನೆಲಕ್ಕೆಲ್ಲ ಬೆಲ್ಲದ ನೀರು ಸುರಿದಿದ್ದರು. ನೊಣ ಮುತ್ತಿತ್ತು. ಮೆಕ್ಯಾನಿಕ್‌ಗಳೆಲ್ಲ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾಗ ನಿಂತು ಹೇಳಿದೆ. ಅಂದಿನಿಂದ ಯಾವ ಮಣ್ಣಿನಲ್ಲೂ ಎಣ್ಣೆಯನ್ನೇ ಅಳೆಯದೆ ಮಾತಾಡಿಲ್ಲ. ಜೀವಿಗಳನ್ನು ಕೊಂದ ಮಣ್ಣಿನದೊಂದು ಬಾಟಲಿಯನ್ನು ಪಕ್ಕದಲ್ಲಿಡದೆ ಪ್ರಯೋಗ ಮಾಡಿಲ್ಲ. ಜೀವವಿಲ್ಲದ ಮಣ್ಣಿನಲ್ಲೂ ಎಣ್ಣೆ ಇಳಿದರೆ ಅದು ಆವಿಯಾಗಿ ಹೋಗಿದೆ ಎಂದು ಅರ್ಥ, ಯಾರೂ ತಿಂದಿಲ್ಲ.

ಭಾರಲೋಹದ ಪಾಠವನ್ನೂ ಹೇಳಿಕೊಟ್ಟವರು ಅವರೇ. ಹಳೇ ಬ್ಯಾಟರಿ ಒಡೆಯುವ ಜಾಗದ ಮಣ್ಣು, ಒಂದು ತೋಟದ ಮಣ್ಣು ಎರಡಕ್ಕೂ ಒಂದೇ ಅಳತೆಯ ಎಣ್ಣೆ ಬೆರೆಸಿ ಇಡಿಸಿದರು. ತೋಟದ ಮಣ್ಣಿನಲ್ಲಿ ವಾರ ವಾರಕ್ಕೂ ಎಣ್ಣೆ ಇಳಿಯಿತು. ಬ್ಯಾಟರಿ ಮಣ್ಣಿನಲ್ಲಿ ತಿಂಗಳಾದರೂ ಹಾಗೇ ಕೂತಿತ್ತು. ಸೀಸ, ಕ್ಯಾಡ್ಮಿಯಂ, ತಾಮ್ರದಂಥ ಲೋಹಗಳು ಜೀವಿಗಳ ಕಿಣ್ವಗಳಿಗೆ ಅಂಟಿಕೊಳ್ಳುತ್ತವೆ. ಎಣ್ಣೆ ಕತ್ತರಿಸಬೇಕಾದ ಕತ್ತರಿಯೇ ಜಾಮ್ ಆಗುತ್ತದೆ. ಕೆಲವು ಗಟ್ಟಿ ಜೀವಿಗಳು ಲೋಹವನ್ನು ಹೊರಕ್ಕೆ ತಳ್ಳಿ ಬದುಕುತ್ತವೆ, ಆದರೆ ಇರುವ ಶಕ್ತಿಯೆಲ್ಲ ಅದಕ್ಕೇ ಹೋಗಿ ಎಣ್ಣೆಯ ಕೆಲಸ ಹಿಂದೆ ಬೀಳುತ್ತದೆ. "ಊಟಕ್ಕೆ ಕೂರಿಸಿ ಕೈ ಕಟ್ಟಿಹಾಕಿದ ಹಾಗೆ" ಎಂದರು ಪುಟ್ಟಸ್ವಾಮಿ ಸಾರ್. "ಹೊಸಬರನ್ನ ಎಷ್ಟು ಪಂಕ್ತಿ ತಂದು ಕೂರಿಸಿದ್ರೂ ಅಷ್ಟೇ. ಮೊದಲು ಕಟ್ಟು ಬಿಚ್ಚಬೇಕು."

ಕಟ್ಟು ಬಿಚ್ಚುವ ದಾರಿ ದೊಡ್ಡ ರಹಸ್ಯವೇನಲ್ಲ. ಆಸಿಡ್ ಬಿದ್ದು ಹುಳಿಯಾದ ಮಣ್ಣಿನಲ್ಲಿ ಲೋಹ ನೀರಿಗೆ ಕರಗಿ ಜೀವಿಗಳ ಮೈಗೆ ಹತ್ತುತ್ತದೆ. ಸುಣ್ಣ ಹಾಕಿ ಹುಳಿ ತೆಗೆದರೆ, ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿದರೆ, ಲೋಹದ ಬಹುಪಾಲು ಮಣ್ಣಿಗೇ ಅಂಟಿ ಸುಮ್ಮನಾಗುತ್ತದೆ. ಜೀವಿಗಳು ಮತ್ತೆ ಕೆಲಸಕ್ಕೆ ಇಳಿಯುತ್ತವೆ. ಆದರೆ ಒಂದು ಮಾತನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ: ಎಣ್ಣೆಯನ್ನು ತಿನ್ನಬಹುದು, ಸೀಸವನ್ನು ಯಾವ ಜೀವಿಯೂ ತಿಂದು ಮುಗಿಸುವುದಿಲ್ಲ. ಸುಮ್ಮನಿದ್ದರೂ ಅದು ಅಲ್ಲೇ ಇರುತ್ತದೆ.

ಪುಟ್ಟಸ್ವಾಮಿ ಸಾರ್ ನಿವೃತ್ತರಾದರು. ಯಂತ್ರಗಳು ಬಂದವು. ಉಸಿರಿನ ಬಾಟಲಿಗಳನ್ನು ಅಟ್ಟಕ್ಕೆ ಹಾಕಿದರು. ಮಣ್ಣಿನ ಡಿಎನ್‌ಎ ಓದಿಸಿ ಅದರಲ್ಲಿರುವ ಜೀವಿಗಳ ಹೆಸರಿನ ಪಟ್ಟಿ ತರಿಸುವುದು ಶುರುವಾಯಿತು. ನಾನು ಯಂತ್ರದ ವೈರಿಯಲ್ಲ. ತಟ್ಟೆಯಲ್ಲಿ ಬೆಳೆಸಿ ಎಣಿಸುವಾಗ ಕಾಣದೇ ಹೋಗುತ್ತಿದ್ದ ಎಷ್ಟೋ ಜೀವಿಗಳು ಆ ಪಟ್ಟಿಯಲ್ಲಿ ಕಂಡವು. ನನ್ನ ಸಿಟ್ಟು ಅದನ್ನು ಓದುವವರ ಮೇಲೆ. ಲ್ಯಾಬಿನ ಹುಡುಗನೊಬ್ಬ ಆ ಪಟ್ಟಿಯ ಬಣ್ಣಬಣ್ಣದ ಚಿತ್ರ ತೋರಿಸಿ, "ಎಣ್ಣೆ ತಿನ್ನೋವು ಇಷ್ಟೊಂದಿವೆ ಮೇಡಂ, ಸೈಟ್ ಸೂಪರಾಗಿದೆ" ಎಂದಿದ್ದ. ಸತ್ತ ಜೀವಿಯ ಡಿಎನ್‌ಎ ಕೂಡ ಮಣ್ಣಿನಲ್ಲಿ ಬಹಳ ಕಾಲ ಉಳಿದಿರುತ್ತದಪ್ಪ, ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಬದುಕಿದ್ದಾರಾ ಎಂದು ಕೇಳಿದೆ. ಅವನು ನಕ್ಕ. ವರದಿಯನ್ನು ಮಾತ್ರ ಬದಲಿಸಲಿಲ್ಲ.

ಈಗ ಆ ವರದಿಯ ವಿಷಯಕ್ಕೆ ಬರುತ್ತೇನೆ.

ನಾಯಂಡಹಳ್ಳಿಯಲ್ಲಿ ಗೋಡೌನುಗಳ ನಡುವೆ ಒಂದು ಖಾಲಿ ಜಾಗ. ಹನುಮಂತೇಗೌಡ ಎನ್ನುವವರದು. ಹಳೇ ಊರಿನವರು, ಅವರ ತಂದೆಯ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿದ್ದರು. ಆಮೇಲೆ ಜಾಗವನ್ನು ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆಗಿದ್ದವರು ಹಳೇ ಎಂಜಿನ್ ಆಯಿಲಿನ ಡ್ರಮ್ಮುಗಳನ್ನು ಅಲ್ಲಿಡುತ್ತಿದ್ದರು, ಒಂದು ಮೂಲೆಯಲ್ಲಿ ಹಳೇ ಬ್ಯಾಟರಿ ಒಡೆಯುತ್ತಿದ್ದರು. ಅವರು ಖಾಲಿ ಮಾಡಿ ಹೋದ ಮೇಲೆ ಗೌಡರು ಅಲ್ಲೊಂದು ನರ್ಸರಿ ಶಾಲೆಗೆ ಕಟ್ಟಡ ಕಟ್ಟಿಸಲು ಹೊರಟರು. ನೆಲ ಶುದ್ಧವಾಗಿದೆ ಎಂಬ ಕಾಗದವಿಲ್ಲದೆ ಅನುಮತಿ ಸಿಗಲಿಲ್ಲ. ಒಂದು ಕಂಪನಿ ಬಂತು. ಚೀಲಗಟ್ಟಲೆ ಬ್ಯಾಕ್ಟೀರಿಯಾ ಪುಡಿ ತಂದು ಮಣ್ಣಿಗೆ ಬೆರೆಸಿತು. ಪರೀಕ್ಷೆ ಮಾಡಬೇಕಾದವಳು ನಾನು.

ಮೊದಲ ದಿನ ಜಾಗ ನೋಡಿದಾಗಲೇ ಗೊತ್ತಾಯಿತು. ಒಂದು ಕಡೆ ಟಾರಿನಂತೆ ಕಪ್ಪು ನೆಲ. ಬ್ಯಾಟರಿ ಒಡೆಯುತ್ತಿದ್ದ ಮೂಲೆಯಲ್ಲಿ ಬೂದಿಬಣ್ಣದ ಹಕ್ಕಳೆ, ಒಂದು ಗರಿಕೆಯೂ ಇಲ್ಲ. ಮಣ್ಣು ಹುಳಿಯಾಗಿತ್ತು. ನಮ್ಮಲ್ಲೇ ಲೋಹ ಅಳೆಯುವ ವಿಭಾಗಕ್ಕೆ ಸ್ವಲ್ಪ ಮಣ್ಣು ಕೊಟ್ಟು ನೋಡಿಸಿದೆ. ಸೀಸ, ಕ್ಯಾಡ್ಮಿಯಂ ಎರಡೂ ಮಿತಿ ಮೀರಿದ್ದವು.

ಎಣ್ಣೆ ಮೊದಲ ಕೆಲವು ವಾರ ಇಳಿಯಿತು. ಸುಲಭವಾದ ಭಾಗ ಹಾಗೆಯೇ ಹೋಗುತ್ತದೆ. ಆಮೇಲೆ ನಿಂತುಬಿಟ್ಟಿತು. ಕಂಪನಿಯ ಇಂಜಿನಿಯರ್ ಇನ್ನಷ್ಟು ಪುಡಿ ಹಾಕಿಸಿದ. ಜೀವಿಗಳಿಗೆಂದು ರಂಜಕದ ಗೊಬ್ಬರ ಹಾಕಿಸಿದ. ಸೀಸ ಆ ರಂಜಕವನ್ನು ಹಿಡಿದು ಕಲ್ಲು ಮಾಡಿ ಕೂರಿಸಿತು, ಜೀವಿಗಳಿಗೆ ಅದು ದಕ್ಕಲಿಲ್ಲ. ನಾನು ಲ್ಯಾಬಿನಲ್ಲಿ ಅದೇ ಮಣ್ಣನ್ನು ನಾಲ್ಕು ಜಾಡಿಗಳಲ್ಲಿಟ್ಟು, ಒಂದನ್ನು ಹಾಗೇ ಬಿಟ್ಟು, ಒಂದರ ಜೀವಿಗಳನ್ನು ಕೊಂದು, ಒಂದಕ್ಕೆ ಕಂಪನಿಯ ಪುಡಿ, ಇನ್ನೊಂದಕ್ಕೆ ಸುಣ್ಣ ಮತ್ತು ಕಾಂಪೋಸ್ಟ್ ಹಾಕಿ ನೋಡಿದೆ. ಅದೊಂದರಲ್ಲಿ ಮಾತ್ರ ಎಣ್ಣೆ ಮತ್ತೆ ಇಳಿಯತೊಡಗಿತು, ಅದೂ ಹೊರಗಿನ ಪುಡಿಯ ಒಂದು ಚಿಟಿಕೆಯೂ ಇಲ್ಲದೆ. ಇಷ್ಟನ್ನೂ ಬರೆದುಕೊಂಡು ನಮ್ಮ ಮುಖ್ಯಸ್ಥರಾದ ಉಮಾಪತಿಯವರ ಬಳಿಗೆ ಹೋದೆ.

ಉಮಾಪತಿ ಗಟ್ಟಿಯಾಗಿ ಮಾತಾಡುವವರಲ್ಲ. ಯಾರನ್ನೂ ಬೈಯುವವರಲ್ಲ. ಅವರ ಟೇಬಲ್ಲಿನ ಮೇಲೆ ಒಂದು ಕಾಗದವೂ ಸೊಟ್ಟಗಿರುತ್ತಿರಲಿಲ್ಲ. ನನ್ನ ಕಾಗದಗಳನ್ನು ಓದಿ, ಪೂರ್ತಿ ಓದಿ, ನೀಟಾಗಿ ಜೋಡಿಸಿ ನನ್ನ ಕಡೆಗೇ ಸರಿಸಿದರು.

"ಗಿರಿಜಾ ಅವ್ರೇ, ಅವ್ರು ಕೇಳಿರೋದು ಎಣ್ಣೆ. ಲೋಹ ಕೇಳಿಲ್ಲ."

"ಸಾರ್, ಎಣ್ಣೆ ಇಳೀದೇ ಇರೋಕೆ ಲೋಹಾನೇ ಕಾರಣ."

"ಕಾರಣಾನೂ ಕೇಳಿಲ್ಲ."

ಮುಂದಿನ ಸಲ ಬಂದ ಸ್ಯಾಂಪಲ್ಲು ಬಣ್ಣದಲ್ಲೇ ಬೇರೆಯಾಗಿತ್ತು. ಕಪ್ಪಿಗೆ ಬದಲು ಕೆಂಪು. ಎಲ್ಲಿಂದಲೋ ಲಾರಿಗಳಲ್ಲಿ ಕೆಮ್ಮಣ್ಣು ತರಿಸಿ ಬೆರೆಸಿದ್ದರು. ಒಂದು ಲೋಟ ಕಾಫಿಯನ್ನು ಒಂದು ಬಕೆಟ್ ನೀರಿಗೆ ಸುರಿದು ಕಾಫಿಯೇ ಇಲ್ಲ ಎಂದ ಹಾಗೆ. ಎಣ್ಣೆಯ ಅಂಕಿ ಮಿತಿಯೊಳಗೆ ಬಂತು. ಇಂಜಿನಿಯರನನ್ನು ಕೇಳಿದರೆ, "ಮಳೆ ಬಂತಲ್ಲ ಮೇಡಂ, ವಾಶ್ ಆಗಿದೆ" ಎಂದ. ಉಮಾಪತಿಯವರನ್ನು ಕೇಳಿದರೆ, "ಬಂದ ಸ್ಯಾಂಪಲ್ ಪರೀಕ್ಷೆ ಮಾಡೋದಷ್ಟೇ ನಮ್ಮ ಕೆಲಸ" ಎಂದರು.

ನಾನು ಸಹಿ ಹಾಕಿದೆ.

ಹೆದರಿ ಹಾಕಲಿಲ್ಲ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಸಾಕಾಗಿ ಹಾಕಿದೆ. ಮೇಜಿನ ಮೇಲೆ ಇನ್ನೂ ಏಳೆಂಟು ಫೈಲುಗಳಿದ್ದವು, ಸೊಂಟ ನೋಯುತ್ತಿತ್ತು, ಹೇಳುವುದನ್ನು ಹೇಳಿಯಾಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಮ್ಮನ್ನು ಹಾಳು ಮಾಡುವುದು ಲಂಚವೇ ಎಂದು ತಿಳಿದಿದ್ದರೆ ತಪ್ಪು. ಸುಸ್ತು ಸಾಕು.

ಕೆಲವು ತಿಂಗಳು ಕಳೆದವು. ಕಟ್ಟಡದ ಕೆಲಸ ಶುರುವಾಗುವುದು ತಡವಾಗಿತ್ತು. ಒಂದು ಮಧ್ಯಾಹ್ನ ಉಮಾಪತಿಯವರು ಎಲ್ಲರನ್ನೂ ಕರೆದರು. ಟೇಬಲ್ಲಿನ ಮೇಲೆ ದಂಟಿನ ಸೊಪ್ಪಿನ ಕಟ್ಟುಗಳು. ಎಲೆ ಅಗಲವಾಗಿ, ಹಸಿರಾಗಿ, ನೋಡಿದರೆ ಆಸೆಯಾಗುವಂತಿತ್ತು. ನಾಯಂಡಹಳ್ಳಿಯ ಅದೇ ಜಾಗದಲ್ಲಿ ಬೆಳೆದದ್ದು, ಕಂಪನಿಯವರು ಪ್ರೀತಿಯಿಂದ ಕಳಿಸಿದ್ದಾರೆ ಎಂದರು. ಕಂಪನಿ ಆ ಸೊಪ್ಪಿನ ಮಡಿಯ ಫೋಟೋವನ್ನು ತನ್ನ ಪ್ರಚಾರದ ಹಾಳೆಯ ಮುಖಪುಟದಲ್ಲಿ ಹಾಕಿತ್ತು. ಎಲ್ಲರೂ ಒಂದೊಂದು ಕಟ್ಟು ಚೀಲಕ್ಕೆ ಹಾಕಿಕೊಂಡರು. ಯಾರೂ ಮನೆಗೆ ಒಯ್ಯಬೇಡಿ ಎಂದೆ. ಒಬ್ಬರು ನಕ್ಕು, "ಮೇಡಂಗೆ ಎಲ್ಲದರಲ್ಲೂ ಸೀಸಾನೇ ಕಾಣತ್ತೆ" ಎಂದರು.

ನನ್ನ ಪಾಲಿನ ಕಟ್ಟನ್ನು ತೊಳೆದು, ಒಣಗಿಸಿ, ಆಸಿಡ್‌ನಲ್ಲಿ ಕರಗಿಸಿ ಲೋಹ ವಿಭಾಗಕ್ಕೆ ಕೊಟ್ಟೆ. ಎರಡು ದಿನಕ್ಕೆ ಉತ್ತರ ಬಂತು. ಸೀಸವೂ ಕ್ಯಾಡ್ಮಿಯಮ್ಮೂ ತಿನ್ನುವ ಸೊಪ್ಪಿಗಿರುವ ಮಿತಿಯನ್ನು ದಾಟಿದ್ದವು.

ಮರುದಿನ ರಜೆ ಹಾಕಿ ಮೆಟ್ರೋ ಹತ್ತಿದೆ. ಆ ಜಾಗದ ಗೇಟಿನ ಹತ್ತಿರ ಒಂದು ತಗಡಿನ ಮನೆ. ಅದರಲ್ಲಿ ನರಸಮ್ಮ ಎನ್ನುವ ಹೆಂಗಸು ಕಾವಲಿದ್ದರು. ಮಾಗಡಿ ಕಡೆಯವರು, ನನ್ನ ವಯಸ್ಸಿನವರು. ಕಟ್ಟಡ ಏಳುವ ತನಕ ಏನಾದರೂ ಬೆಳೆದುಕೋ ಎಂದು ಗೌಡರು ಹೇಳಿದ್ದರಂತೆ. ಉದ್ದಕ್ಕೂ ಮಡಿ ಮಾಡಿ ದಂಟು, ಕೊತ್ತಂಬರಿ, ಮೆಂತ್ಯ ಹಾಕಿದ್ದರು. ದಿನಾ ಬೆಳಿಗ್ಗೆ ಕುಕ್ಕೆಯಲ್ಲಿ ಹೊತ್ತು ಬಾಪೂಜಿನಗರದ ಬೀದಿಗಳಲ್ಲಿ ಮಾರುತ್ತಿದ್ದರು. ನಾನು ಲ್ಯಾಬಿನಿಂದ ಬಂದೆ ಎಂದೊಡನೆ ಅವರ ಮುಖ ಅರಳಿತು. ಪ್ಲಾಸ್ಟಿಕ್ ಕುರ್ಚಿ ಒರೆಸಿ ಹಾಕಿದರು.

"ಈ ಸೊಪ್ಪು ಮಾರಬೇಡಿ ನರಸಮ್ಮ. ನೀವೂ ತಿನ್ನಬೇಡಿ. ಇದರಲ್ಲಿ ವಿಷ ಇದೆ" ಎಂದೆ. ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯಲಿಲ್ಲ.

"ಯಾವ ವಿಷ? ನಾನು ಮದ್ದೂ ಹೊಡ್ಯಾಕಿಲ್ಲ ಕಣಮ್ಮ."

"ಮಣ್ಣಲ್ಲಿದೆ. ಬ್ಯಾಟರಿಯ ಸೀಸ."

"ಮಣ್ಣು ಸರಿ ಆಗೈತೆ ಅಂತ ಬರ್ಕೊಟ್ಟವ್ರೆ. ಬನ್ನಿ ಇಲ್ಲಿ." ಕೈ ಹಿಡಿದು ಗೇಟಿನ ಬಳಿಗೆ ಕರೆದುಕೊಂಡು ಹೋದರು. ನನ್ನ ವರದಿಯ ನಕಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಸಿ ತಂತಿಯಿಂದ ಕಟ್ಟಿದ್ದರು. "ಗೌಡ್ರು ಓದಿ ಹೇಳವ್ರೆ ನಂಗೆ. ಇಲ್ಲಿ ಕೆಳಗೆ ಗಿರಿಜಾ ಅಂತ ಯಾರೋ ದೊಡ್ಡೋರು ಸೈನ್ ಹಾಕವ್ರೆ. ಅವ್ರಿಗೆ ಗೊತ್ತಾಗ್ಲಿಲ್ವಾ?"

"ನಾನೇ ಗಿರಿಜಾ."

ಅವರು ನನ್ನ ಕೈ ಬಿಟ್ಟರು. ಸ್ವಲ್ಪ ಹೊತ್ತು ಆ ಹಾಳೆಯನ್ನೂ ನನ್ನನ್ನೂ ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನನ್ ಮಗಳು ಬಾಣಂತನಕ್ಕೆ ಬಂದವ್ಳೆ, ಏಳು ತಿಂಗ್ಳು" ಎಂದರು. "ಬಸುರಿಗೆ ಸೊಪ್ಪು ಒಳ್ಳೇದು ಅಂತ ದಿನಾ ಬಸ್ಸಾರು ಮಾಡಿ ಇಕ್ಕಿದೀನಿ."

ಒಳಗೆ ಹಾಸಿಗೆಯ ಮೇಲೆ ಕೂತಿದ್ದ ಮಗಳು ಎದ್ದು ಬಾಗಿಲಿಗೆ ಬಂದು ನಿಂತಳು. ಅವಳ ಹೆಸರು ಮಂಜುಳಾ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೀಸ ತಾಯಿಯ ರಕ್ತದಿಂದ ಹೊಟ್ಟೆಯಲ್ಲಿರುವ ಮಗುವಿಗೆ ಹೋಗುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಅವಳ ಕಣ್ಣು ನೋಡಿಕೊಂಡು ಅದನ್ನೂ ಹೇಳಿದೆ. ಅದೇ ದಿನ ಇಬ್ಬರನ್ನೂ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪರೀಕ್ಷೆಗೆ ರಕ್ತ ಕೊಡಿಸಿದೆ. ಇಬ್ಬರ ರಕ್ತದಲ್ಲೂ ಸೀಸ ಇತ್ತು, ಇರಬಾರದಷ್ಟು ಇತ್ತು.

ಉಮಾಪತಿಯವರ ಕೋಣೆಗೆ ಆ ಕಾಗದಗಳನ್ನೆಲ್ಲ ಒಯ್ದೆ. ಅವರು ಮೊದಲು ಕೇಳಿದ್ದು ಇಷ್ಟು:

"ಸೊಪ್ಪು ಪರೀಕ್ಷೆ ಮಾಡೋಕೆ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ ಸಾರ್."

"ನೋಂದಣಿ ಇಲ್ಲದ ಸ್ಯಾಂಪಲ್ ಅದು. ಆ ಅಂಕಿ ಲೆಕ್ಕಕ್ಕೆ ಬರಲ್ಲ."

"ಬಸುರಿ ಹೆಂಗಸಿನ ರಕ್ತ ಲೆಕ್ಕಕ್ಕೆ ಬರತ್ತಾ ಸಾರ್?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ, ನೀವು ಬರೆದ ರಿಪೋರ್ಟಿನಲ್ಲಿ ತಪ್ಪಿಲ್ಲ. ಎಣ್ಣೆ ಮಿತಿಯೊಳಗಿದೆ ಅಂದ್ರಿ, ಇದೆ. ಅಲ್ಲಿ ಸೊಪ್ಪು ಬೆಳೀರಿ ಅಂತ ನಾವು ಹೇಳಿದ್ವಾ?"

ಇಂದಿಗೂ ನನ್ನನ್ನು ಸುಡುವುದು ಆ ಮಾತು. ಯಾಕೆಂದರೆ ಅದಕ್ಕೆ ಉತ್ತರವಿಲ್ಲ. ಹೌದು, ನಾವು ಹೇಳಿರಲಿಲ್ಲ. ಕಂಪನಿ ಲೋಹ ನಮ್ಮ ಗುತ್ತಿಗೆಯಲ್ಲಿಲ್ಲ ಎನ್ನುತ್ತದೆ. ಅನುಮತಿ ಕೊಟ್ಟವರು ವರದಿಯ ನಮೂನೆಯಲ್ಲಿ ಎಣ್ಣೆಗೆ ಮಾತ್ರ ಜಾಗವಿದೆ ಎನ್ನುತ್ತಾರೆ. ಲ್ಯಾಬು ಬಂದ ಸ್ಯಾಂಪಲ್ಲು ನೋಡಿದೆ ಎನ್ನುತ್ತದೆ. ಪ್ರತಿಯೊಬ್ಬರೂ ಸರಿ. ಇಷ್ಟು ಜನ ಸರಿಯಿದ್ದವರು ಸೇರಿ ಒಬ್ಬ ಬಸುರಿಯ ತಟ್ಟೆಗೆ ಸೀಸ ಬಡಿಸಿದೆವು.

ನನ್ನ ಸಹಿಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಪತ್ರ ಬರೆದೆ. ಕೆಮ್ಮಣ್ಣು ಬೆರೆಸಿದ್ದು, ಮೊದಲೇ ನೋಡಿದ ಲೋಹದ ಅಂಕಿಗಳು, ನಾಲ್ಕು ಜಾಡಿಗಳ ಪ್ರಯೋಗ, ಸೊಪ್ಪು, ಎಲ್ಲವನ್ನೂ ಬರೆದು, ನಾನು ತಿಳಿದೂ ಸಹಿ ಹಾಕಿದೆ ಎನ್ನುವುದನ್ನೂ ಸೇರಿಸಿ, ಅನುಮತಿ ಕೊಟ್ಟ ಕಚೇರಿಗೆ ಹೋಗಿ ಕೊಟ್ಟು, ತಲುಪಿದೆ ಎಂದು ಮೊಹರು ಹಾಕಿಸಿಕೊಂಡು ಬಂದೆ. ಗೌಡರಿಗೆ ಮಾತ್ರ ಮನೆಗೇ ಹೋಗಿ ಕೊಟ್ಟೆ.

ಹನುಮಂತೇಗೌಡರು ಪಡಸಾಲೆಯಲ್ಲಿ ಕೂತು ಪತ್ರ ಓದಿದರು. ಓದುತ್ತಾ ಓದುತ್ತಾ ಅವರ ಕತ್ತು ಕೆಂಪಾಯಿತು.

"ಅಲ್ಲ ಮೇಡಂ, ಅವತ್ತು ಸರಿ ಅಂದೋರೂ ನೀವೇ, ಇವತ್ತು ಸರಿ ಇಲ್ಲ ಅನ್ನೋರೂ ನೀವೇ. ನಾನು ಯಾವ ಸೈನ್ ನಂಬ್ಲಿ?"

"ಇವತ್ತಿಂದು ನಂಬಿ. ಇದನ್ನ ಹಾಕಿದ್ದರಿಂದ ನನಗೇನೂ ಲಾಭ ಇಲ್ಲ."

"ಅವತ್ತಿಂದ್ರಿಂದ ಏನ್ ಲಾಭ ಆಗಿತ್ತು?"

"ಅವತ್ತೂ ಏನೂ ಇರಲಿಲ್ಲ. ಅದಕ್ಕೇ ನಾಚಿಕೆ ಆಗತ್ತೆ."

ಅವರು ಪತ್ರವನ್ನು ಮಡಚಿದರು. "ಶಾಲೆ ಎದ್ದಿದ್ರೆ ಅಲ್ಲಿ ಮಕ್ಕಳು ಮಣ್ಣಾಟ ಆಡ್ತಿದ್ವು" ಎಂದರು ಕೊನೆಗೆ, ನನಗಲ್ಲ, ತಮ್ಮಷ್ಟಕ್ಕೆ. ಮರುದಿನ ಅವರೇ ಕಚೇರಿಗೆ ಹೋಗಿ ಮತ್ತೊಮ್ಮೆ ಪರೀಕ್ಷೆಯಾಗಬೇಕು ಎಂದು ಪಟ್ಟು ಹಿಡಿದು ಕೂತರು. ಜಾಗದ ಯಜಮಾನನೇ ತನ್ನ ಜಾಗ ಕೆಟ್ಟಿದೆ ಎಂದು ದೂರು ಕೊಟ್ಟದ್ದನ್ನು ಆ ಕಚೇರಿಯವರು ಹಿಂದೆ ನೋಡಿರಲಿಲ್ಲವಂತೆ. ನನ್ನೊಬ್ಬಳ ಪತ್ರವಾಗಿದ್ದರೆ ಯಾವುದೋ ಫೈಲಿನಲ್ಲಿ ಮಲಗಿರುತ್ತಿತ್ತು.

ಬೇರೊಂದು ಲ್ಯಾಬಿನವರು ಬಂದು ಆಳಕ್ಕೆ ಅಗೆದು ಮಣ್ಣು ತೆಗೆದರು. ನನ್ನ ಪತ್ರದಲ್ಲಿದ್ದದ್ದೇ ಅಲ್ಲೂ ಇತ್ತು. ನೆಲ ಮತ್ತೆ ಶುದ್ಧ ಮಾಡಬೇಕೆಂದು ಆದೇಶವಾಯಿತು. ಈ ಸಲ ಮೊದಲು ಸುಣ್ಣ, ಆಮೇಲೆ ಕಾಂಪೋಸ್ಟ್, ಆಮೇಲೆ ಗಾಳಿಯಾಡುವಂತೆ ಮತ್ತೆ ಮತ್ತೆ ಮಣ್ಣು ತಿರುವಿದ್ದು. ಪುಡಿಯ ಚೀಲ ಬರಲಿಲ್ಲ. ಆ ನೆಲದಲ್ಲೇ ಇಷ್ಟು ಕಾಲ ಕೈಕಟ್ಟಿ ಕೂತಿದ್ದ ಜೀವಿಗಳು ಕೆಲಸ ಶುರು ಮಾಡಿದವು. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಎಣ್ಣೆ ನಿಜವಾಗಿಯೂ ಇಳಿದಿತ್ತು. ಸೀಸ ಎಲ್ಲಿಗೂ ಹೋಗಲಿಲ್ಲ. ಅದರ ಮೇಲೆ ಜೇಡಿಮಣ್ಣು ಹಾಸಿ, ದಪ್ಪ ಕಾಂಕ್ರೀಟ್ ಹಾಕಿಸಿದರು. ಶಾಲೆಯ ಮಾತು ನಿಂತಿತು. ಈಗ ಅಲ್ಲಿ ವಾಹನಗಳು ನಿಲ್ಲುತ್ತವೆ.

ಕಂಪನಿ ಇನ್ನೂ ಇದೆ. ಅದರ ಪ್ರಚಾರದ ಹಾಳೆಯಲ್ಲಿ ಆ ಸೊಪ್ಪಿನ ಫೋಟೋವೂ ಬಹಳ ದಿನ ಇತ್ತು. ಉಮಾಪತಿಯವರು ಗೌರವದಿಂದ ನಿವೃತ್ತರಾದರು. ನನ್ನನ್ನು ಸ್ಯಾಂಪಲ್ಲು ತೆಗೆದುಕೊಳ್ಳುವ ಕೌಂಟರಿಗೆ ಹಾಕಿದರು. ಕೊನೆಯ ಎರಡು ವರ್ಷ ಬಾಟಲಿಗಳಿಗೆ ನಂಬರಿನ ಚೀಟಿ ಅಂಟಿಸಿದೆ. ಅದರ ಬಗ್ಗೆ ನನಗೆ ದೂರಿಲ್ಲ. ವರದಿಯ ನಮೂನೆಯಲ್ಲಿ ಲೋಹಕ್ಕೆ ಇವತ್ತಿಗೂ ಜಾಗವಿಲ್ಲ ಎಂದು ಆ ಇಬ್ಬರು ಹುಡುಗಿಯರು ಕಾಫಿ ಕುಡಿಯುತ್ತಾ ಹೇಳಿದರು, ಅದು ನನ್ನ ದೂರು. ಎಣ್ಣೆ ಬಿದ್ದ ಜಾಗಕ್ಕೆ ಹೋದರೆ ಅಲ್ಲಿ ಇನ್ನೇನು ಕೆಲಸ ನಡೆಯುತ್ತಿತ್ತು ಎಂದು ಅಕ್ಕಪಕ್ಕದವರನ್ನು ಕೇಳಿ. ಕೇಳಿದ ಮೇಲೆ ಅದನ್ನು ಅಳೆಯಿರಿ. ನಮೂನೆಯಲ್ಲಿ ಜಾಗವಿಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ, ಅಂಚೂ ಸಾಲದಿದ್ದರೆ ಹಿಂಬದಿಯಲ್ಲಿ ಬರೆಯಿರಿ. ಬರೆಯಲು ಬಿಡದಿದ್ದರೆ ಸಹಿ ಹಾಕಬೇಡಿ.

ಮಂಜುಳಾಗೆ ಹೆಣ್ಣುಮಗುವಾಯಿತು. ತೂಕ ಸ್ವಲ್ಪ ಕಡಿಮೆ, ಉಳಿದಂತೆ ಚೆನ್ನಾಗಿದೆ ಎಂದರು ಡಾಕ್ಟರು. ಸೀಸ ಮಾಡುವ ಕೆಡುಕು ಹುಟ್ಟಿದಾಗಲೇ ಕಾಣುವುದಿಲ್ಲ. ಮಗು ಅಕ್ಷರ ಕಲಿಯುವ ಹೊತ್ತಿಗೆ, ಲೆಕ್ಕ ಕೂಡಿಸುವ ಹೊತ್ತಿಗೆ ಕಾಣಬಹುದು, ಕಾಣದೆಯೂ ಇರಬಹುದು. ಕಂಡರೂ ಅದು ಈ ಸೊಪ್ಪಿನಿಂದಲೇ ಆದದ್ದು ಎಂದು ಯಾರೂ ಸಾಧಿಸಲಾರರು. ಆ ಮನೆಯವರು ಮಗುವನ್ನು ನೋಡಿಕೊಂಡು ಕಾಯಬೇಕು, ಅಷ್ಟೇ.

ನರಸಮ್ಮ ಈಗ ಬಾಪೂಜಿನಗರದಲ್ಲೇ ಒಂದು ಬಾಡಿಗೆ ಮನೆಯಲ್ಲಿದ್ದಾರೆ. ಮಾರ್ಕೆಟ್ಟಿನಿಂದ ಸೊಪ್ಪು ತಂದು ಗಾಡಿಯಲ್ಲಿ ಮಾರುತ್ತಾರೆ. ಹೋದ ವಾರ ನಾನು ಅವರ ಗಾಡಿಯ ಮುಂದೆ ನಿಂತೆ. ಗುರುತು ಹಿಡಿದರು. ಮೊಮ್ಮಗಳು ಹೇಗಿದ್ದಾಳೆ ಎಂದು ಕೇಳಿದೆ. "ಓಡಾಡ್ಕಂಡವ್ಳೆ" ಎಂದಷ್ಟೇ ಹೇಳಿದರು. ಮೆಂತ್ಯದ ಒಂದು ಕಟ್ಟು ಎತ್ತಿಕೊಂಡೆ. ಅವರು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದು, ತಿರುಗಿಸಿ, ಬೇರಿಗೆ ಮೆತ್ತಿದ್ದ ಮಣ್ಣನ್ನು ನನಗೆ ತೋರಿಸಿದರು.

"ಇದು ಯಾವ ನೆಲದಾಗೆ ಬೆಳೆದದ್ದೋ ನಂಗೊತ್ತಿಲ್ಲ ಮೇಡಂ. ದಿನಾ ಮಾರ್ತೀನಿ. ನೀವು ಓದ್ದೋರು, ನೀವು ಹೇಳಿ, ಇದು ತಿನ್ಬೋದಾ?"

ಮೂವತ್ತು ವರ್ಷ ಮಣ್ಣು ನೋಡಿದವಳು ನಾನು. ನೋಡಿದ ಮಾತ್ರಕ್ಕೆ ಹೇಳಲು ಬರುವುದಿಲ್ಲ ಎಂದೆ. ಅವರು ತಲೆಯಾಡಿಸಿ, ಕಟ್ಟನ್ನು ಮತ್ತೆ ಗಾಡಿಯ ಮೇಲಿಟ್ಟು ನೀರು ಚಿಮುಕಿಸಿದರು.